ಚಿಲಕದಕ್ಕ ಅರ್ಧಕ್ಕೆ ಎದ್ದು ಬಂದ ಸಿನಿಮಾ

ದೆವ್ವದ ಸಿನಿಮಾಗಳಿಗೆ ಆ ಪತ್ರಿಕೆಯಲ್ಲಿ ನಕ್ಷತ್ರ ಕೊಡುವ ಪದ್ಧತಿ ಇರಲಿಲ್ಲ, ಚಿಲಕ ಕೊಡುತ್ತಿದ್ದರು. ಸಿನಿಮಾ ನೋಡಿಕೊಂಡು ಮನೆಗೆ ಬಂದವರು ಮಲಗುವ ಮುಂಚೆ ಎಷ್ಟು ಸಲ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡುತ್ತಾರೋ ಅಷ್ಟು ಚಿಲಕ, ಹೆಚ್ಚೆಂದರೆ ಐದು. ಈ ಲೆಕ್ಕ ಕಂಡುಹಿಡಿದವಳು ಅದೇ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದ ಹೆಂಗಸು. ಮೊದಲು ಓದುಗರು ಅವಳಿಗೆ ಚಿಲಕದಕ್ಕ ಎಂದು ಹೆಸರಿಟ್ಟರು, ಆಮೇಲೆ ಕಚೇರಿಯವರೂ ಹಾಗೇ ಕರೆಯತೊಡಗಿದರು. ಕೊನೆಗೆ ಅವಳ ಮನೆಯ ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ದರ್ಜಿ ಕೂಡ "ಚಿಲಕದಕ್ಕಾ, ನಿಮ್ಮ ಬಟ್ಟೆ ಹೊಲ್ದಾಯ್ತು" ಎಂದು ಮೆಟ್ಟಿಲ ಬುಡದಿಂದ ಕೂಗುವಂತಾಯಿತು. ಅವಳಿಗೇನೂ ಬೇಸರವಿರಲಿಲ್ಲ. ಯಾರೋ ಇಟ್ಟ ಹೆಸರಿಗಿಂತ ತಾನು ದುಡಿದು ಸಂಪಾದಿಸಿದ ಹೆಸರೇ ಮೇಲು ಎಂದುಕೊಂಡಿದ್ದಳು.

ಒಳ್ಳೆಯ ಸಿನಿಮಾಗಳ ವಿಮರ್ಶೆಗೆ ಕಚೇರಿಯಲ್ಲಿ ನಾ ಮುಂದು ತಾ ಮುಂದು ಎಂದು ಜನ ಬೀಳುತ್ತಿದ್ದರು. ದೆವ್ವದ ಸಿನಿಮಾ ಬಂದರೆ ಮಾತ್ರ ಎಲ್ಲರಿಗೂ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ಒಂದು ವಾರ ಯಾರೂ ಸಿಗದೆ ಪುರವಣಿಯ ಸಂಪಾದಕ ಕರಡು ತಿದ್ದುವವರ ಮೂಲೆಗೆ ಬಂದು, "ನಿಮಗೆ ದೆವ್ವ ಅಂದ್ರೆ ಹೆದರಿಕೆನಾ?" ಎಂದು ಕೇಳಿದ.

"ನಿಮ್ಮ ವರದಿಗಾರರ ಒತ್ತಕ್ಷರ ನೋಡಿದ್ರೇ ಹೆದರದೋಳು, ದೆವ್ವಕ್ಕೆ ಹೆದರ್ತೀನಾ?" ಎಂದಳು. ಅಂದಿನಿಂದ ಆ ಅಂಕಣ ಅವಳದಾಯಿತು.

ತಮಾಷೆಗೆ ಹೇಳಿದ ಮಾತಾದರೂ ಅದು ನಿಜ. ಅವಳಿಗೆ ಹೆದರಿಕೆಯೇ ಆಗುತ್ತಿರಲಿಲ್ಲ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ತೊದಲು ಮಾತಾಡುವ ಮಗು, ಅಪ್ಪ ರಾತ್ರಿ ಪಾಳಿಯ ಕಾವಲುಗಾರ. ದೀಪ ಆರಿಸಿದರೆ ಸಾಕು, ಮಗು ಮೂಲೆ ಮೂಲೆಗೆ ಬೆರಳು ತೋರಿಸಿ ಅಳುತ್ತಿತ್ತು. ಇಬ್ಬರಲ್ಲಿ ಒಬ್ಬರಾದರೂ ಹೆದರದೆ ಇರಬೇಕಿತ್ತು. ಆ ಕೆಲಸವನ್ನು ಅಕ್ಕ ವಹಿಸಿಕೊಂಡಳು. ತಂಗಿಯ ಮಣಿಕಟ್ಟನ್ನು ಹಿಡಿದುಕೊಂಡು ಮಲಗುತ್ತಿದ್ದಳು. ಹೆಬ್ಬೆರಳ ಕೆಳಗಿನ ನಾಡಿ ನಿಧಾನವಾಯಿತೆಂದರೆ ಮಗು ನಿದ್ದೆ ಹೋಯಿತೆಂದು ಲೆಕ್ಕ. ಹೀಗೆ ಹೆದರದೆ ಹೆದರದೆ ಅವಳಿಗೆ ಹೆದರಿಕೆಯ ರುಚಿಯೇ ಮರೆತುಹೋಗಿತ್ತು.

ನಾಲಿಗೆ ಸತ್ತವರು ಉಪ್ಪು ನೋಡುವುದಾದರೂ ಹೇಗೆ? ಅದಕ್ಕೇ ಚಿಲಕದಕ್ಕ ಪ್ರತಿ ಸಿನಿಮಾಕ್ಕೂ ತಂಗಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ತಂಗಿ ಬೆಳೆದು ಶಿಶುವಿಹಾರದ ಟೀಚರ್ ಆಗಿದ್ದಳಷ್ಟೆ, ಪುಕ್ಕಲುತನ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಪರದೆಯ ಮೇಲೆ ಬೆಕ್ಕು ಹಾರಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಕತ್ತಲಲ್ಲಿ ಅವಳ ಮಣಿಕಟ್ಟು ಹಿಡಿದು ಕೂರುತ್ತಿದ್ದಳು. ನಾಡಿ ಎಲ್ಲಿ ಓಡಿತು, ಎಲ್ಲಿ ಎಡವಿತು, ಎಲ್ಲಿ ಸುಮ್ಮನಾಯಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ವಿಮರ್ಶೆ ಬರೆಯುತ್ತಿದ್ದಳು. ಹೆದರಿಕೆಯ ವಿಷಯದಲ್ಲಿ ಇವಳ ತೀರ್ಪು ತಪ್ಪುವುದೇ ಇಲ್ಲ ಎಂದು ಓದುಗರು ಹೊಗಳಿದಾಗ ತಂಗಿಗೆ ಒಂದು ಹೊಸ ರಿಬ್ಬನ್ನೋ ರವಿಕೆ ಬಟ್ಟೆಯೋ ಸಿಗುತ್ತಿತ್ತು.

ಇನ್ನು ಬರವಣಿಗೆಗೆ ಉಪ್ಪು ಖಾರ ಹಚ್ಚುವುದರಲ್ಲಿ ಚಿಲಕದಕ್ಕನದು ಎತ್ತಿದ ಕೈ. ದೆವ್ವದ ಮನೆಯ ಸಿನಿಮಾಗಳ ಹಣೆಬರಹವೆಲ್ಲ ಅವಳಿಗೆ ಬಾಯಿಪಾಠ. ಮೊದಲ ಭಾಗದಲ್ಲಿ ಒಂದು ಸಂಸಾರ ಮನೆಗೆ ಬರುತ್ತದೆ. ಹೆಂಡತಿಗೆ ಸದ್ದು ಕೇಳುತ್ತದೆ, ಗಂಡನಿಗೆ ಕೇಳುವುದಿಲ್ಲ. ಎರಡನೇ ಭಾಗದಲ್ಲಿ ಬಾಡಿಗೆ ಕಡಿಮೆಯೆಂದು ಇನ್ನೊಂದು ಸಂಸಾರ ಅದೇ ಮನೆಗೆ ಬಂದು ಬೀಳುತ್ತದೆ. ಮೂರನೇ ಭಾಗದಲ್ಲಿ ಮೊದಲಿನವರು ಬೇರೆ ಮನೆ ಮಾಡಿದರೆ ದೆವ್ವವೂ ಗಂಟುಮೂಟೆಯ ಜೊತೆ ಬಂದಿರುತ್ತದೆ. ಗೋಡೆಯಲ್ಲಿ ರಕ್ತ ಸೋರುತ್ತಿದ್ದರೂ ನಾಯಕಿ ಒರೆಸುವ ಬಟ್ಟೆ ಹುಡುಕುತ್ತಾಳೆಯೇ ಹೊರತು ಮನೆ ಬಿಡುವುದಿಲ್ಲ. ಇದಕ್ಕೆ ಚಿಲಕದಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತಿ ವಿಮರ್ಶೆಯನ್ನೂ ಅವಳು ಒಂದೇ ಮಾತಿನಿಂದ ಮುಗಿಸುತ್ತಿದ್ದಳು: "ಬಾಗಿಲು ತೆಗೆದು ಹೋಗಮ್ಮ ತಾಯಿ!" ಆ ಮಾತು ಪೇಟೆಯಲ್ಲೆಲ್ಲ ಹಬ್ಬಿ, ಕಾಲೇಜಿನ ಹುಡುಗರು ಚಿತ್ರಮಂದಿರದಲ್ಲಿ ಒಟ್ಟಾಗಿ ಕೂಗತೊಡಗಿದರು. ಚಿಲಕದಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ತಂಗಿಗೆ ಮದುವೆಯಾದದ್ದು ಕನ್ನಡಕದ ಅಂಗಡಿಯವನ ಜೊತೆ. ಕಣ್ಣು ಪರೀಕ್ಷೆಗೆಂದು ಅಕ್ಕತಂಗಿಯರು ಹೋದಾಗ ಪರಿಚಯವಾದ ಮನುಷ್ಯ. ಗಟ್ಟಿ ಮಾತಿಲ್ಲ, ಕೆಟ್ಟ ಚಟವಿಲ್ಲ, ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ನಿಧಾನಕ್ಕೆ ಮಾತಾಡುವವನು. ಮದುವೆಯ ನಂತರ ತಂಗಿ ಶಿಶುವಿಹಾರ ಬಿಟ್ಟಳು. "ಮಕ್ಕಳ ಗಲಾಟೆಗೆ ಅವಳಿಗೆ ತಲೆನೋವು ಬರುತ್ತೆ ಅಕ್ಕ," ಎಂದ ಅವನು. ಮಕ್ಕಳ ಗಲಾಟೆಯೆಂದರೆ ಪ್ರಾಣ ಬಿಡುತ್ತಿದ್ದವಳಿಗೆ ತಲೆನೋವು ಯಾವಾಗ ಶುರುವಾಯಿತೋ ಎಂದು ಅಕ್ಕನಿಗೆ ಒಂದು ಕ್ಷಣ ಅನ್ನಿಸಿತು, ಆಮೇಲೆ ಮರೆತಳು.

ಸಿನಿಮಾಕ್ಕೆ ಮಾತ್ರ ಅವನು ಅಡ್ಡಿ ಮಾಡಲಿಲ್ಲ. ತಾನೇ ಕಾರಿನಲ್ಲಿ ಕರೆತಂದು ಬಿಟ್ಟು, ಸಿನಿಮಾ ಮುಗಿಯುವ ತನಕ ಗೇಟಿನ ಎದುರು ಕಾರಿನಲ್ಲೇ ಕೂತಿರುತ್ತಿದ್ದ. ಒಳಗೆ ಬನ್ನಿ ಎಂದರೆ, "ನನಗೆ ಅದೆಲ್ಲ ಆಗಲ್ಲ. ಎಷ್ಟು ಹೊತ್ತಿನ ಸಿನಿಮಾ ಅಂತ ವಿಚಾರಿಸ್ಕೊಂಡಿದ್ದೀನಿ, ನಿಧಾನವಾಗಿ ನೋಡ್ಕೊಂಡು ಬನ್ನಿ," ಎನ್ನುತ್ತಿದ್ದ. ಚಿಲಕದಕ್ಕ ಮೆಚ್ಚಿಕೊಂಡು ಅದನ್ನೂ ಅಂಕಣದಲ್ಲಿ ಬರೆದಳು. ಸಿನಿಮಾದ ಗಂಡಂದಿರು ಹೆಂಡತಿಯ ಮಾತು ಕೇಳುವುದಿಲ್ಲ, ನಮ್ಮ ತಂಗಿಯ ಗಂಡನನ್ನು ನೋಡಿ ಕಲಿಯಬೇಕು, ಹೆಂಡತಿ ಹೆದರಿ ಹೊರಗೆ ಬಂದಾಗ ಎದುರಿಗೆ ತಾನಿರಬೇಕೆಂದು ಕಾಯುತ್ತಾನೆ ಎಂದು. ಕನ್ನಡಕದವನು ಆ ಕಾಗದವನ್ನು ಕತ್ತರಿಸಿ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಅಕ್ಕನಿಗೆ ಹೊಸ ಕನ್ನಡಕವನ್ನೂ ಮಾಡಿಸಿಕೊಟ್ಟ.

ಇಷ್ಟರಲ್ಲಿ ಜನರೆಲ್ಲ ಬಾವಿ ಮನೆ ಎಂದು ಕರೆಯುತ್ತಿದ್ದ ಸಿನಿಮಾದ ಎರಡನೇ ಭಾಗ ಬಂತು. ನಡುಮನೆಯಲ್ಲಿ ಹಲಗೆ ಮುಚ್ಚಿದ ಬಾವಿಯಿರುವ ಮನೆಯ ಕತೆ. ಮದುವೆಗೆ ಮುಂಚೆ ಮೊದಲ ಭಾಗ ನೋಡುವಾಗ ತಂಗಿಯ ಉಗುರು ಅಕ್ಕನ ಕೈಯಲ್ಲಿ ಗುರುತು ಬಿಟ್ಟಿತ್ತು, ಸಿನಿಮಾಕ್ಕೆ ಐದು ಚಿಲಕ ಸಿಕ್ಕಿತ್ತು. ಎರಡನೇ ಭಾಗದಲ್ಲಿ ಹಲಗೆ ತೆಗೆಯುತ್ತಾರೆ. ಅಮ್ಮ ಬಾವಿಗೆ ಬಗ್ಗಿ ನೋಡುವಾಗ ಕೆಳಗಿನಿಂದ ಅವಳ ಮಗುವಿನ ದನಿ "ಅಮ್ಮಾ, ಎಳೆದುಕೋ" ಎನ್ನುತ್ತದೆ. ಮಗು ಮಾತ್ರ ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದೆ.

ಚಿಲಕದಕ್ಕ ನಾಡಿಗಾಗಿ ಕಾದಳು. ಅದು ನಿದ್ದೆ ಹೋದ ಮಗುವಿನ ನಾಡಿಯಂತೆ ಮೆಲ್ಲಗೆ ನಡೆಯುತ್ತಿತ್ತು. ಹಿಂದಿನ ಸಾಲಿನ ಕಾಲೇಜು ಹುಡುಗರೇನೋ ಕಿರುಚಿದರು. ಅವರು ಟೂತ್‌ಪೇಸ್ಟಿನ ಜಾಹೀರಾತಿಗೂ ಕಿರುಚುವ ಗಿರಾಕಿಗಳಾದ್ದರಿಂದ ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗೋಡೆ ಬಿರಿಯಿತು, ತೊಟ್ಟಿಲು ತಾನೇ ತೂಗಿತು, ಹೆಣ ಎದ್ದು ಕೂತಿತು. ತಂಗಿ ಮರದ ಬೊಂಬೆಯ ಹಾಗೆ ಪರದೆ ನೋಡುತ್ತಿದ್ದಳು. ಕೊನೆಗೆ ಕತೆ ಮುಗಿದು ಕೆಲಸಗಾರರ ಹೆಸರುಗಳು ಮೇಲೇರತೊಡಗಿದವು. ಆಗ ಅಕ್ಕನ ಹೆಬ್ಬೆರಳ ಕೆಳಗೆ ನಾಡಿ ಧಡಧಡ ಹೊಡೆದುಕೊಳ್ಳತೊಡಗಿತು. ಅಷ್ಟು ಜೋರಾಗಿ ಅದು ಹಿಂದೆಂದೂ ಹೊಡೆದುಕೊಂಡಿರಲಿಲ್ಲ.

"ಏನಾಯ್ತೇ?" ಎಂದಳು ಅಕ್ಕ.

"ಏನಿಲ್ಲ. ಬೇಗ ನಡಿ," ಎಂದಳು ತಂಗಿ.

ಚಿಲಕದಕ್ಕ ತನ್ನ ಕಸುಬಿಗೆ ಮೋಸ ಮಾಡುವವಳಲ್ಲ. ನಾಡಿ ಹೇಳಿದ್ದನ್ನೇ ಬರೆದಳು. ಸಿನಿಮಾ ಪೂರ್ತಿ ಸಪ್ಪೆ, ಬಾವಿಯ ದೃಶ್ಯವಂತೂ ತೂಕಡಿಕೆ ತರಿಸುತ್ತದೆ, ಮೈ ಜುಮ್ಮೆನ್ನುವುದು ಕೊನೆಯಲ್ಲಿ ಹೆಸರುಗಳು ಬರುವಾಗ ಮಾತ್ರ, ಖಾಲಿ ಪರದೆಯಲ್ಲಿ ಭಯ ಬಚ್ಚಿಟ್ಟ ನಿರ್ದೇಶಕನ ಜಾಣತನಕ್ಕೆ ಒಂದು ಚಿಲಕ. ಕೊನೆಗೆ ಎಂದಿನಂತೆ, ಬಾಗಿಲು ತೆಗೆದು ಹೋಗಮ್ಮ ತಾಯಿ.

ಪತ್ರಿಕೆ ಹೊರಬಿದ್ದ ಮೇಲೆ ಸಂಪಾದಕ ತಲೆ ಮೇಲೆ ಕೈಹೊತ್ತುಕೊಂಡು ಬಂದ. "ಏನಕ್ಕ ಇದು? ಓದುಗರೆಲ್ಲ ಉಗೀತಿದ್ದಾರೆ. ಬಾವಿ ಸೀನಿಗೆ ನನ್ನ ಹೆಂಡತಿ ನನ್ನ ಶರ್ಟಿನ ಗುಂಡಿ ಕಿತ್ತಿದ್ದಾಳೆ. ನೀವು ತೂಕಡಿಕೆ ಬಂತು ಅಂತೀರಿ. ಮತ್ತೆ ಹೆಸರು ಬರೋದು ನೋಡಿ ಹೆದರಿದ್ರಾ? ಯಾರ ಹೆಸರು ನೋಡಿ? ಲೈಟ್ ಹಿಡಿಯೋ ಹುಡುಗಂದಾ?"

"ನನ್ನ ಲೆಕ್ಕ ತಪ್ಪೋದಿಲ್ಲ," ಎಂದಳು. ಆದರೂ ಒಳಗೊಳಗೇ ಕಸಿವಿಸಿಯಾಯಿತು. ಒಂದು ಒತ್ತಕ್ಷರ ತಪ್ಪಿದರೂ ಊಟ ಸೇರದ ಹೆಂಗಸು ಅವಳು. ರಜಾ ದಿನದ ಮಧ್ಯಾಹ್ನ ಒಬ್ಬಳೇ ಮತ್ತೆ ಅದೇ ಚಿತ್ರಮಂದಿರಕ್ಕೆ ಹೋದಳು.

ಅಲ್ಲಿ ಟಿಕೆಟ್ ಹರಿದು, ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹೆಂಗಸೊಬ್ಬಳಿದ್ದಳು, ಎಲ್ಲರಿಗೂ ಟಾರ್ಚಮ್ಮ. ಚಿಲಕದಕ್ಕ ಅವಳಿಗೆ ಹೇಳಿ ಮುಂದಿನ ಮೂಲೆಯಲ್ಲೊಂದು ಸ್ಟೂಲ್ ಹಾಕಿಸಿಕೊಂಡು, ಪರದೆಗೆ ಬೆನ್ನು ಮಾಡಿ ಕೂತಳು. ಈ ಸಲ ಸಿನಿಮಾ ಬೇಡ, ನೋಡುವವರ ಮುಖ ನೋಡಬೇಕಿತ್ತು.

ಬಾವಿಯ ದೃಶ್ಯ ಬಂದಾಗ ಇಡೀ ಮಂದಿರ ಚೀರಿತು. ಒಬ್ಬ ದಡೂತಿ ಮನುಷ್ಯ ಎರಡೂ ಕಾಲು ಸೀಟಿನ ಮೇಲೆಳೆದುಕೊಂಡ. ಒಬ್ಬ ಅಜ್ಜಿ ಪಕ್ಕದ ಅಪರಿಚಿತನ ತೋಳು ಹಿಡಿದು ಬಿಡಲೇ ಇಲ್ಲ. ಹೆಸರುಗಳು ಬಂದಾಗ ಮಾತ್ರ ಯಾರಿಗೂ ಏನೂ ಆಗಲಿಲ್ಲ. ಜನ ಮೈಮುರಿದರು, ಕತ್ತಲಲ್ಲಿ ಚಪ್ಪಲಿ ತಡಕಿದರು, ತಾವು ಹೆದರಿದ್ದಕ್ಕೆ ತಾವೇ ನಕ್ಕರು. ಒಬ್ಬಳು ಎದ್ದು ಪರ್ಸಿನಿಂದ ಫೋನ್ ತೆಗೆದು ನೋಡಿದಳು. ಫೋನಿನ ಬೆಳಕು ಅವಳ ಗಲ್ಲದ ಮೇಲೆ ಬಿತ್ತು.

ಚಿಲಕದಕ್ಕನಿಗೆ ಆಗ ನೆನಪಾಯಿತು. ಆ ದಿನ ಹೆಸರುಗಳು ಬರುವಾಗ ತಂಗಿಯ ಮಡಿಲಲ್ಲೂ ಫೋನು ಹೀಗೇ ಬೆಳಗಿತ್ತು. "ಮುಗೀತು. ಹೊರಗಿದ್ದೀನಿ" ಎಂಬ ಎರಡು ಪದ ಅವಳ ಕಣ್ಣಿಗೂ ಬಿದ್ದಿದ್ದವು. ಎಂಥ ಒಳ್ಳೆಯ ಗಂಡ ಎಂದುಕೊಂಡು ಎದ್ದಿದ್ದಳು.

ಹೊಟ್ಟೆಯೊಳಗೆ ತಣ್ಣಗೆ ಏನೋ ಇಳಿಯಿತು. ಮಧ್ಯಾಹ್ನದ ಊಟ ಜೀರ್ಣವಾಗಿಲ್ಲವೇನೋ ಅಂದುಕೊಂಡಳು, ಪಾಪ. ಹೆದರಿಕೆಯ ಗುರುತು ಮರೆತು ಎಷ್ಟೋ ಕಾಲವಾಗಿತ್ತು. ಸ್ಟೂಲಿನ ಮೇಲೆ ಹಾಗೇ ಕೂತವಳಿಗೆ ಒಂದೊಂದೇ ನೆನಪಾಗತೊಡಗಿತು. ಬೇಸಿಗೆಯಲ್ಲೂ ತಂಗಿ ತೊಡುತ್ತಿದ್ದ ತುಂಬುತೋಳಿನ ರವಿಕೆ. ಯಾವಾಗ ಫೋನ್ ಮಾಡಿದರೂ "ಅವಳು ಮಲಗಿದ್ದಾಳೆ ಅಕ್ಕ" ಎನ್ನುವ ಅವನ ದನಿ. ಬಾವಿಯೊಳಗಿಂದ ಕೂಗಿದರೂ ತಂಗಿ ಹೆದರಲಿಲ್ಲವೆಂದರೆ ಅವಳಲ್ಲಿ ಹೆದರಿಕೆ ಉಳಿದಿರಲಿಲ್ಲ ಎಂದಲ್ಲ. ಇದ್ದಬದ್ದ ಹೆದರಿಕೆಯನ್ನೆಲ್ಲ ಅವಳು ಬೇರೆ ಕಡೆ ಖರ್ಚು ಮಾಡುತ್ತಿದ್ದಳು.

ಮರುದಿನವೇ ಅವಳು ತಂಗಿಯ ಮನೆಗೆ ಹೋದಳು. ಕನ್ನಡಕದವನೇ ಬಾಗಿಲು ತೆಗೆದ. ಆ ಮನೆಯಲ್ಲಿ ಯಾವುದೂ ಓರೆಯಾಗಿರುತ್ತಿರಲಿಲ್ಲ. ಚಪ್ಪಲಿಗಳ ಮೂತಿ ಗೋಡೆಯ ಕಡೆಗೆ, ಪಾತ್ರೆಗಳ ಹಿಡಿ ಒಂದೇ ದಿಕ್ಕಿಗೆ, ಸೋಫಾದ ಎದುರಿಗೆ ಕಣ್ಣು ಪರೀಕ್ಷೆಯ ದೊಡ್ಡ ಅಕ್ಷರದ ಹಲಗೆ. ಹಿಂದೆ ಬಂದಾಗ ಅಕ್ಕ ಈ ಅಚ್ಚುಕಟ್ಟನ್ನು ಹೊಗಳಿದ್ದಳು.

"ಕೂತ್ಕೊಳ್ಳಿ ಅಕ್ಕ. ಇವಳ ಕೈಗೆ ಸ್ವಲ್ಪ ಬಿಸಿ ನೀರು ಬಿದ್ದಿದೆ, ನಾನೇ ಟೀ ಮಾಡ್ತೀನಿ," ಎಂದು ಅವನು ಅಡುಗೆಮನೆಗೆ ಹೋದ. ಅಡುಗೆಮನೆಗೂ ನಡುಮನೆಗೂ ನಡುವೆ ಬಾಗಿಲಿರಲಿಲ್ಲ. ಉಸಿರು ಬಿಟ್ಟರೂ ಕೇಳುವಷ್ಟು ಹತ್ತಿರ.

ತಂಗಿ ಒಂದು ಕೈಗೆ ಬಟ್ಟೆ ಸುತ್ತಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು. ಅಕ್ಕ ಪಕ್ಕದಲ್ಲಿ ಕೂತು, ಬಟ್ಟೆ ಸುತ್ತದ ಕೈಯ ಮಣಿಕಟ್ಟನ್ನು ತನ್ನ ಹೆಬ್ಬೆರಳ ಕೆಳಗೆ ತಂದುಕೊಂಡಳು. ಆಮೇಲೆ ಅಡುಗೆಮನೆಗೂ ಕೇಳುವಂತೆ ಸಿನಿಮಾದ ಮಾತು ತೆಗೆದಳು.

"ಆ ಬಾವಿ ಮನೆ ಸಿನಿಮಾದಲ್ಲಿ ನಡುಮನೆ ಚೆನ್ನಾಗಿ ತೆಗೆದಿದ್ರು, ಅಲ್ವೇನೇ?"

ನಾಡಿ ನಿಧಾನಕ್ಕೆ ನಡೆಯುತ್ತಿತ್ತು.

"ಅಡುಗೆಮನೆನೂ ಪರವಾಗಿಲ್ಲ."

ನಾಡಿ ಸ್ವಲ್ಪ ಎಡವಿತು.

"ಒಳಗಿನ ಕೋಣೆ ಇತ್ತಲ್ಲ, ಅದು?"

ನಾಡಿ ಹೊಡೆದುಕೊಂಡ ರಭಸಕ್ಕೆ ಅಕ್ಕ ಹೆಬ್ಬೆರಳು ಸಡಿಲ ಬಿಟ್ಟಳು. ತಂಗಿ ಮುಖದಲ್ಲಿ ಏನನ್ನೂ ತೋರಿಸದೆ ಎದುರಿನ ಅಕ್ಷರದ ಹಲಗೆಯನ್ನೇ ನೋಡುತ್ತಿದ್ದಳು.

ಕೈಕಾಲು ತೊಳೆದು ಬರುತ್ತೇನೆ ಎಂದು ಅಕ್ಕ ಎದ್ದಳು. ಒಳದಾರಿಯ ಕೊನೆಗೆ ಮಲಗುವ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಅದರ ಹೊರಮೈಗೆ, ಎದೆಯೆತ್ತರಕ್ಕೆ, ಹೊಸ ಹಿತ್ತಾಳೆಯ ಚಿಲಕ. ಅದರ ತಿರುಪುಗಳು ಇನ್ನೂ ಥಳಥಳಿಸುತ್ತಿದ್ದವು. ಒಳಮೈಯಲ್ಲಿ ಚಿಲಕವೇ ಇರಲಿಲ್ಲ, ಹಿಂದೆ ಇದ್ದದ್ದನ್ನು ಕಿತ್ತ ತೂತುಗಳು ಮಾತ್ರ ಇದ್ದವು. ಸಾಲು ಸಾಲು ಸಿನಿಮಾಗಳಿಗೆ ಚಿಲಕ ಹಂಚಿದವಳು, ಚಿಲಕವೊಂದು ಬಾಗಿಲ ತಪ್ಪು ಬದಿಗೆ ಕೂತಿರಬಹುದು ಎಂದು ಯೋಚಿಸಿದ್ದೇ ಇಲ್ಲ.

"ಬಚ್ಚಲು ಈ ಕಡೆ ಅಕ್ಕ," ಎಂದ ಕನ್ನಡಕದವನು ಬೆನ್ನ ಹಿಂದೆ. ಅವನ ಕೈಯಲ್ಲಿ ಟೀ ಲೋಟಗಳ ತಟ್ಟೆ ಒಂದಿಷ್ಟೂ ಅಲುಗದೆ ನಿಂತಿತ್ತು. "ದಾರಿ ಕಾಣ್ತಿಲ್ವೇನೋ. ಕನ್ನಡಕ ಬದಲಾಯಿಸ್ಬೇಕಾ?"

"ವಯಸ್ಸಾಯ್ತಲ್ಲಪ್ಪ," ಎಂದು ಅವಳು ನಕ್ಕಳು. ನಕ್ಕದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ.

ಅವನ ಮೇಲೆ ಹರಿಹಾಯಲು ನಾಲಿಗೆ ತುದಿಯ ತನಕ ಮಾತು ಬಂದಿತ್ತು, ನುಂಗಿಕೊಂಡಳು. ತಾನು ಈಗ ಕೂಗಾಡಿ ಹೊರಟುಹೋದರೆ ಆ ಬಾಗಿಲಿನ ಒಳಗೆ ಉಳಿಯುವವಳು ತಂಗಿ. ಅದಕ್ಕೇ ಟೀ ಕುಡಿಯುತ್ತ ತನ್ನ ವಿಮರ್ಶೆ ಎಡವಟ್ಟಾದದ್ದನ್ನು ಹೇಳಿಕೊಂಡಳು. ಸಂಪಾದಕರು ಇನ್ನೊಮ್ಮೆ ನೋಡಿ ಬರೆಯಲು ಹೇಳಿದ್ದಾರೆ, ತಂಗಿಯಿಲ್ಲದೆ ತನಗೆ ಆಗುವುದಿಲ್ಲ, ಈ ಸಲ ಹೊರಗೆ ಕಾಯುವ ಗಂಡನ ಫೋಟೋವನ್ನೂ ಹಾಕೋಣ ಎನ್ನುತ್ತಿದ್ದಾರೆ ಎಂದಳು.

ಫೋಟೋ ಎಂದಾಗ ಅವನು ಕಾಲರ್ ಸರಿಮಾಡಿಕೊಂಡ. "ತಪ್ಪು ತಿದ್ದೋದು ನಿಮ್ಮ ಕೆಲಸ ಅಲ್ವಾ ಅಕ್ಕ. ಕರ್ಕೊಂಡು ಹೋಗಿ. ನಾನು ಹೊರಗೆ ಕಾಯ್ತೀನಿ."

ಅದೇ ವಾರ ಒಂದು ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ಕಾರು ಗೇಟಿನ ಎದುರು ನಿಂತಿತು. ಕತ್ತಲಾದ ಮೇಲೆ ಅಕ್ಕ ತಂಗಿಯ ಕಿವಿಗೆ ಬಾಯಿಟ್ಟು ಕೇಳಿದಳು. "ನನಗೆ ಯಾಕೇ ಹೇಳ್ಲಿಲ್ಲ?"

ಪರದೆಯಿಂದ ಕಣ್ಣು ತೆಗೆಯದೆ ತಂಗಿ ಹೇಳಿದಳು. "ಹೇಗೆ ಹೇಳ್ಲಿ? ಬಾಗಿಲು ತೆಗೆದು ಹೋಗಮ್ಮ ತಾಯಿ ಅಂತ ಊರನ್ನೆಲ್ಲ ನಗಿಸ್ತಿದ್ದೆ. ಅವನು ಪ್ರತಿ ವಾರ ನಿನ್ನ ಅಂಕಣ ನನಗೆ ಓದಿ ಹೇಳ್ತಿದ್ದ. ಕೊನೇ ಸಾಲು ಓದಿ ಮುಗಿಸಿ, ಹೊರಗೆ ಹೋಗಿ ಚಿಲಕ ಹಾಕ್ತಿದ್ದ. ಆಮೇಲೆ ಆ ಕಡೆಯಿಂದ ಅದೇ ಸಾಲು ಇನ್ನೊಂದು ಸಲ ಹೇಳ್ತಿದ್ದ."

ನಾಚಿಕೆಯಿಂದ ಅಕ್ಕ ಕತ್ತಲಲ್ಲೂ ತಲೆ ತಗ್ಗಿಸಿದಳು.

"ನಡಿ ಹೋಗೋಣ," ಎಂದಳು.

"ಎಲ್ಲಿಗೆ? ಹೋದ್ರೆ ಮೊದಲು ನಿನ್ನ ಮನೆಗೇ ಬರ್ತೀನಿ ಅಂದಿದ್ದಾನೆ. ಎರಡನೇ ಭಾಗ ಅಲ್ಲೇ ಅಂತ."

"ನನ್ನ ಮನೆಗಲ್ಲ. ಪಕ್ಕದ ಓಣೀಲಿ ನಮ್ಮ ಪತ್ರಿಕೆ ವ್ಯಾನ್ ನಿಂತಿದೆ. ಸಂಪಾದಕರೇ ಬಂದಿದ್ದಾರೆ. ದೂರದ ಊರಲ್ಲಿ ಹೆಂಗಸರ ಹಾಸ್ಟೆಲ್ ಇದೆ, ಮಾತಾಡಿದ್ದೀನಿ."

ತಂಗಿಯ ನಾಡಿ ಓಡುತ್ತಿತ್ತು. "ಆಗಲ್ಲ ಅಕ್ಕ. ನನ್ನ ಕಾಲು ಬರಲ್ಲ."

ಚಿಲಕದಕ್ಕ ಎಂಥ ಕೆಟ್ಟ ಸಿನಿಮಾದಿಂದಲೂ ಅರ್ಧಕ್ಕೆ ಎದ್ದು ಬಂದವಳಲ್ಲ. ಇಂದು ಮಾತ್ರ ಎಲ್ಲಿ ಏಳಬೇಕೆಂದು ಅವಳಿಗೆ ಗೊತ್ತಿತ್ತು. ಅಮ್ಮ ಬಾವಿಗೆ ಬಗ್ಗುವಾಗ ಇಡೀ ಮಂದಿರ ಪರದೆಗೆ ಅಂಟಿಕೊಳ್ಳುತ್ತದೆ, ಆಗ ಯಾರು ಎದ್ದರೂ ಯಾರೂ ನೋಡುವುದಿಲ್ಲ. ಕೆಳಗಿನಿಂದ ಮಗುವಿನ ದನಿ ಬಂತು. ಮಂದಿರ ಚೀರಿತು. ಅಕ್ಕ ತಂಗಿಯನ್ನು ಎಳೆದುಕೊಂಡು ಪಕ್ಕದ ಬಾಗಿಲಿಗೆ ನಡೆದಳು. ತಂಗಿಯ ಫೋನು ಸೀಟಿನಲ್ಲೇ ಉಳಿಯಿತು.

ಬಾಗಿಲು ತೆರೆಯಲಿಲ್ಲ. ಎಷ್ಟೋ ವರ್ಷದಿಂದ ಯಾರೂ ಬಳಸದ ಬಾಗಿಲು ಅದು, ಮೇಲಿನ ಚಿಲಕ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಕ್ಕ ಜಗ್ಗಿದಳು, ಭುಜ ಕೊಟ್ಟು ನೂಕಿದಳು, ಬೆರಳಿನ ಚರ್ಮ ಸುಲಿಯಿತು. ಊರಿಗೆಲ್ಲ ಬಾಗಿಲು ತೆಗೆಯಲು ಹೇಳಿಕೊಟ್ಟವಳಿಗೆ ಒಂದು ಬಾಗಿಲು ತೆಗೆಯಲು ಬರಲಿಲ್ಲ. ಹಿಂದೆ ಟಾರ್ಚಿನ ಬೆಳಕು ಬಿತ್ತು. ಟಾರ್ಚಮ್ಮ ಬಂದು, ಟಾರ್ಚನ್ನು ಅಕ್ಕನ ಕೈಗೆ ಕೊಟ್ಟು, ಕಾಲಿನಿಂದ ಚಪ್ಪಲಿ ತೆಗೆದು ಚಿಲಕದ ಬುಡಕ್ಕೆ ಹೊಡೆದಳು. ಎರಡನೇ ಏಟಿಗೆ ಅದು ಬಿಟ್ಟುಕೊಟ್ಟಿತು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು.

"ಹೋಗ್ರಮ್ಮ. ನಾನು ಹಾಕ್ಕೋತೀನಿ," ಎಂದಳು.

ವ್ಯಾನಿನಲ್ಲಿ ಪುರವಣಿಯ ಕಟ್ಟುಗಳ ಮೇಲೆ ತಂಗಿ ಮುದುಡಿ ಕೂತಳು. ಸಂಪಾದಕ ಬಾಗಿಲೆಳೆದ. ಕನ್ನಡಕದವನು ಗೇಟಿನ ಎದುರು ಸಿನಿಮಾ ಮುಗಿಯುವ ತನಕ ಕಾದ, ಹೇಳಿದ ಮಾತಿಗೆ ತಪ್ಪದ ಮನುಷ್ಯ ನೋಡಿ.

ಅವನು ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಮರುದಿನ ಕಚೇರಿಗೆ ಬಂದು, ಅವಳ ಮೇಜಿನ ಎದುರು ಕೈಕಟ್ಟಿ ನಿಂತು, "ಸಿನಿಮಾ ಹೇಗಿತ್ತು ಅಂತ ಕೇಳೋಣ ಅಂತ ಬಂದೆ," ಎಂದ. ತಂಗಿಯ ದೂರಿನ ಮೇಲೆ ಪೊಲೀಸರು ಕರೆಸಿದಾಗ ಗಾಜು ಹಾಕಿಸಿದ ಅಂಕಣವನ್ನೇ ತೆಗೆದುಕೊಂಡು ಹೋದ. "ನೋಡಿ ಸಾರ್, ಅವಳ ಅಕ್ಕನೇ ಬರೆದಿದ್ದಾರೆ ನಾನು ಎಂಥವನು ಅಂತ." ತಾನು ತಿದ್ದಿ ತೀಡಿ ಬರೆದ ಅಕ್ಷರಗಳು ಅವನ ಪರವಾಗಿ ಸಾಕ್ಷಿ ಹೇಳುವುದನ್ನು ಚಿಲಕದಕ್ಕ ಠಾಣೆಯ ಬೆಂಚಿನ ಮೇಲೆ ಕೂತು ಕೇಳಬೇಕಾಯಿತು. ಪ್ರಕರಣ ಕೋರ್ಟಿಗೆ ಹೋಯಿತು, ಅಲ್ಲಿ ಎಳೆಯುತ್ತಲೇ ಹೋಯಿತು. ಆಗೀಗ ಸಂಜೆ ಅವಳ ಮನೆಯ ಕೆಳಗಿನ ದರ್ಜಿಯ ಅಂಗಡಿಯ ಎದುರು ಆ ಕಾರು ಬಂದು ನಿಲ್ಲುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿತ್ತು.

ಚಿಲಕದಕ್ಕ ಈಗ ಮಲಗುವ ಮುಂಚೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡುತ್ತಾಳೆ. ತಾನೇ ಮಾಡಿದ ಐದರ ಲೆಕ್ಕ ಸಾಲುವುದಿಲ್ಲ. ಪತ್ರಿಕೆಯಲ್ಲಿ ಒಂದು ವಾರ ಅವಳ ಅಂಕಣದಲ್ಲಿ ಯಾವ ಸಿನಿಮಾವೂ ಇರಲಿಲ್ಲ. ಹೊರಗೆ ಕಾಯುವ ಗಂಡನ ಬಗ್ಗೆ ತಾನು ಬರೆದದ್ದು ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇನೆ ಎಂದಷ್ಟೇ ಇತ್ತು. ಬಾಗಿಲು ತೆಗೆದು ಹೋಗಮ್ಮ ಎಂಬ ಮಾತನ್ನು ಅವಳು ಮತ್ತೆ ಬರೆಯಲಿಲ್ಲ. ಓದುಗರು ಕೇಳಿದರು, ಕಾಲೇಜು ಹುಡುಗರು ಬೇಸರಪಟ್ಟರು.

ಬಾವಿ ಮನೆಯ ಮೂರನೇ ಭಾಗ ಬಂದಾಗ ತಂಗಿ ಕೋರ್ಟಿನ ಕೆಲಸಕ್ಕೆ ಬಂದಿದ್ದಳು. ಆ ದೂರದ ಊರಿನಲ್ಲಿ ಮತ್ತೆ ಶಿಶುವಿಹಾರಕ್ಕೆ ಸೇರಿ, ಸ್ವಲ್ಪ ಮೈ ತುಂಬಿಕೊಂಡಿದ್ದಳು. "ಹೋಗೋಣ ಅಕ್ಕ," ಎಂದು ತಾನೇ ಹೇಳಿದಳು. ಟಾರ್ಚಮ್ಮ ಅವರನ್ನು ಪಕ್ಕದ ಬಾಗಿಲಿನಿಂದಲೇ ಒಳಗೆ ಬಿಟ್ಟುಕೊಂಡಳು. ಈಗ ಅದರ ಚಿಲಕಕ್ಕೆ ಎಣ್ಣೆ ಹಾಕಿದ್ದಳು.

ಸಿನಿಮಾ ಶುದ್ಧ ದಂಡ. ಚಿಲಕದಕ್ಕ ಹಿಂದೆಯೇ ಗೇಲಿ ಮಾಡಿದ್ದ ಹಾಗೆ ದೆವ್ವ ಗಂಟುಮೂಟೆಯ ಜೊತೆ ಹೊಸ ಮನೆಗೆ ಬಂದಿತ್ತು. ನಡುವೆ ಎಲ್ಲೋ ಕಪಾಟಿನ ಬಾಗಿಲು ಕಿರ್ರೆಂದು ತೆರೆದು, ಒಳಗಿಂದ ಒಂದು ಕೋಟು ಕೆಳಗೆ ಬಿತ್ತು. ಬರೀ ಕೋಟು. ತಂಗಿ ಕಿಟಾರನೆ ಕಿರುಚಿ ಅಕ್ಕನ ಕುತ್ತಿಗೆಗೆ ಜೋತುಬಿದ್ದಳು. ನಾಲ್ಕು ಸಾಲಿನ ಜನ ತಿರುಗಿ ನೋಡಿ ನಕ್ಕರು. ತಂಗಿಯೂ ನಗುತ್ತಿದ್ದಳು, ಹೆದರಿಕೆಯಿಂದ ಮೈಯೆಲ್ಲ ನಡುಗುತ್ತಿತ್ತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕೋಟಿಗೆ ಹೆದರುವಷ್ಟು ಹೆದರಿಕೆ ತಂಗಿಗೆ ಮಿಕ್ಕಿತ್ತಲ್ಲ ಎಂಬ ಸಂತೋಷ ಅವಳಿಗೆ ತಡೆಯಲಾಗಲಿಲ್ಲ. ಆ ದಂಡ ಸಿನಿಮಾಕ್ಕೆ ಅವಳು ಐದು ಚಿಲಕ ಕೊಟ್ಟಳು, ಸಂಪಾದಕ ಏನೂ ಕೇಳದೆ ಅಚ್ಚು ಹಾಕಿಸಿದ.

ಆದರೆ ಅದಕ್ಕೆ ಮುಂಚೆ ಹೆಸರುಗಳು ಮೇಲೇರಿದವು, ದೀಪ ಹತ್ತಿತು, ಜನ ಎದ್ದು ಹೊರಟರು. ಅಕ್ಕತಂಗಿ ಕೂತೇ ಇದ್ದರು. ಗೇಟಿನ ಆಚೆ ಆ ಕಾರು ನಿಂತಿದೆಯೇ ಎಂದು ನೋಡಿಕೊಂಡು ಬರಲು ಟಾರ್ಚಮ್ಮ ಹೋಗಿದ್ದಳು.

ತಂಗಿ ಕೆಳಗೆ ನೋಡಿದಳು. ಕತ್ತಲಲ್ಲಿ ಯಾವಾಗಲೋ ಕೈ ಅದಲುಬದಲಾಗಿ, ಅಕ್ಕನ ಮಣಿಕಟ್ಟು ಅವಳ ಬೆರಳುಗಳ ನಡುವೆ ಇತ್ತು.

"ಅಕ್ಕ, ಎಷ್ಟು ಜೋರಾಗಿ ಹೊಡ್ಕೋತಿದೆ," ಎಂದಳು.

ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು. ತಂಗಿ ಹೆಬ್ಬೆರಳನ್ನು ನಾಡಿಯ ಮೇಲಿಟ್ಟು, ಅದು ನಿಧಾನವಾಗುವ ತನಕ ಬಿಡುವುದಿಲ್ಲವೆಂಬಂತೆ ಹಿಡಿದು ಕೂತಳು. ಟಾರ್ಚಮ್ಮ ಇನ್ನೂ ಬಂದಿರಲಿಲ್ಲ.